ಅಂಕಿಗಳಲ್ಲಿ ಹಾರ ಪೋಣಿಸಿದ ಮಹಾವೀರಾಚಾರ್ಯ

ಕರಾವಳಿಯ ಜೈನ ಮಠಗಳು ಶತಮಾನಗಳಿಂದ ಕಾಪಾಡಿಕೊಂಡು ಬಂದ ಜ್ಞಾನಸಂಪತ್ತಿನಲ್ಲಿ ಧರ್ಮಗ್ರಂಥಗಳಷ್ಟೇ ಅಲ್ಲ, ಗಣಿತವೂ ಇದೆ. ಮಂಗಳೂರಿನಿಂದ ಸುಮಾರು 35 ಕಿ.ಮೀ. ದೂರದ ಮೂಡುಬಿದಿರೆಯ ಮಠದಲ್ಲಿದ್ದ ಹಸ್ತಪ್ರತಿಯೊಂದು, ಒಂಬತ್ತನೆಯ ಶತಮಾನದ ಮಹಾಗಣಿತಜ್ಞನೊಬ್ಬನನ್ನು ಆಧುನಿಕ ಜಗತ್ತಿಗೆ ಪರಿಚಯಿಸುವ ಕಾರ್ಯದಲ್ಲಿ ನೆರವಾಯಿತು. ಆತನೇ ಮಹಾವೀರಾಚಾರ್ಯ.

ಮಳಖೇಡವನ್ನು ರಾಜಧಾನಿಯಾಗಿಸಿಕೊಂಡು ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ (ಕ್ರಿ.ಶ. 814-878) ಕಾಲದವನು ಈತ. ದಿಗಂಬರ ಜೈನನಾದ ಮಹಾವೀರಾಚಾರ್ಯನು ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ 'ಗಣಿತಸಾರ ಸಂಗ್ರಹ'ವನ್ನು ರಚಿಸಿದನು. ಖಗೋಳ ಶಾಸ್ತ್ರದಿಂದ ಬೇರ್ಪಡಿಸಿ ಗಣಿತವನ್ನೇ ಪ್ರಧಾನವಾಗಿಸಿಕೊಂಡ ಕೃತಿಯಿದು. ಗ್ರಂಥಾರಂಭದಲ್ಲಿ ದೊರೆಯನ್ನು ಸ್ತುತಿಸಿದ ಆಚಾರ್ಯನು, ಸಂಗೀತದಿಂದ ಪಾಕಶಾಸ್ತ್ರದವರೆಗೆ ಗಣಿತದ ನೆರವು ಬೇಡದ ವಿದ್ಯೆಯೇ ಇಲ್ಲವೆಂದು ಪ್ರತಿಪಾದಿಸಿದನು.

ದಶಮಾನ ಪದ್ಧತಿಯಲ್ಲಿ 24 ಸ್ಥಾನಗಳಿಗೆ ಹೆಸರು ನೀಡಿದ ಆತ, ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟಪಡಿಸಿದನು. ಹಲವು ವಸ್ತುಗಳಿಂದ ಕೆಲವನ್ನು ಆಯುವ ಬಗೆಗಳನ್ನು ಎಣಿಸಲು ಸಾಮಾನ್ಯ ಸೂತ್ರವನ್ನೂ ಕೊಟ್ಟನು. ಎಡವಿದ್ದೂ ಉಂಟು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂಬ ಆತನ ಅಭಿಪ್ರಾಯವನ್ನು ಇಂದಿನ ಗಣಿತ ಒಪ್ಪುವುದಿಲ್ಲ.

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳು ಆತನಿಗೆ ಬಹುಪ್ರಿಯ. ಅವನ್ನು ಕೊರಳ ಹಾರಕ್ಕೆ ಹೋಲಿಸಿದನು. 142857143ನ್ನು 7ರಿಂದ ಗುಣಿಸಿದರೆ 1000000001. 152207ನ್ನು 73ರಿಂದ ಗುಣಿಸಿದರೆ 11111111. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು.

ಈ ಕೊನೆಯ ಹಾರದೊಳಗೆ ದೊಡ್ಡದೊಂದು ಅವಿಭಾಜ್ಯ ಸಂಖ್ಯೆ ಅಡಗಿದೆ. 12345679ನ್ನು ಒಡೆದರೆ ದೊರೆಯುವುದು 37 ಮತ್ತು 333667. ಎರಡೂ ತಮ್ಮಿಂದ ಹಾಗೂ ಒಂದರಿಂದ ಮಾತ್ರ ಭಾಗವಾಗುವಂಥವು. 333667ರ ಮೂರರಷ್ಟು 1001001. 37ರ ಮೂರರಷ್ಟು 111. ಈ ಎರಡರ ಗುಣಲಬ್ಧವೇ 111111111. ಹಾರದ ಗುಟ್ಟು ಇಷ್ಟೇ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಕೃತಿಯನ್ನು ತೆಲುಗಿಗೆ ತಂದನು. ಮುಂದೆ ಗ್ರಂಥವು ಬಹುಕಾಲ ಓಲೆ-ಕಾಗದಗಳಲ್ಲೇ ಉಳಿಯಿತು. ಮದರಾಸಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಅಲ್ಲಿನ ಹಾಗೂ ಮೈಸೂರಿನ ಪ್ರತಿಗಳೊಂದಿಗೆ, ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆಯ ಪ್ರತಿಯ ನಕಲನ್ನೂ ಹೋಲಿಸಿ, 1912ರಲ್ಲಿ ಇಂಗ್ಲಿಷ್ ಅನುವಾದ ಸಹಿತ ಪ್ರಕಟಿಸಿದರು. ನ್ಯೂಯಾರ್ಕ್‌ನ ಡೇವಿಡ್ ಯೂಜಿನ್ ಸ್ಮಿತ್ ಅದಕ್ಕೆ ಪ್ರಸ್ತಾವನೆ ಬರೆದರು. ಕನ್ನಡ ಅನುವಾದವುಳ್ಳ ಪದ್ಮಾವತಮ್ಮನವರ ಆವೃತ್ತಿ 2000ದಲ್ಲಿ ಹೊಂಬುಜದಿಂದ ಹೊರಬಂದಿತು.

ಗುಣಿಸುವುದು ಸುಲಭ, ದೊಡ್ಡ ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯುವುದು ಕಠಿಣ. ಅಂತರ್ಜಾಲದ ಗೋಪ್ಯತೆಗೆ ಈ ಕಾಠಿಣ್ಯವೇ ಒಂದು ಆಧಾರ. ಕನ್ನಡ ನಾಡಿನ ಆಚಾರ್ಯನು ಸಾವಿರ ವರ್ಷಗಳಿಗೂ ಹಿಂದೆ ಗುಣಾಕಾರದಲ್ಲಿ ಕಂಡ ಚೆಲುವನ್ನು ಉಳಿಸಿಕೊಟ್ಟದ್ದು, ಹೆಸರು ಬರೆಯದೆ ಪ್ರತಿ ಮಾಡಿದ ಲಿಪಿಕಾರರ ತಾಳ್ಮೆ.