ಸಂಬೋಧನೆಯಲ್ಲಿ ತತ್ತ್ವ ಕಂಡ ರಾಮಚಂದ್ರ ಗಾಂಧಿ

ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯವೆಂದರೆ ನಮಗೆ ನೆನಪಾಗುವುದು ಗಚ್ಚಿಬೌಲಿಯ ಬಂಡೆಗಳ ನಡುವಿನ ವಿಶಾಲ ಆವರಣ. 1974ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆ ಆರಂಭದಲ್ಲಿ ಅಬಿಡ್ಸ್‌ನ 'ಗೋಲ್ಡನ್ ತ್ರೆಶೋಲ್ಡ್'ನಲ್ಲಿ, ಅಂದರೆ ಸರೋಜಿನಿ ನಾಯ್ಡು ಅವರ ಮನೆಯಲ್ಲಿ ನಡೆಯುತ್ತಿತ್ತು. ಅದರ ತತ್ತ್ವಶಾಸ್ತ್ರ ವಿಭಾಗವನ್ನು ಸ್ಥಾಪಿಸಿದವರು ರಾಮಚಂದ್ರ ಗಾಂಧಿ.

1937ರ ಜೂನ್ 9ರಂದು ಜನಿಸಿದ ಅವರು ದೇವದಾಸ ಗಾಂಧಿ ಹಾಗೂ ಲಕ್ಷ್ಮಿ ದಂಪತಿಗಳ ಪುತ್ರರು. ಮಹಾತ್ಮರು ತಂದೆಯ ತಂದೆ. ರಾಜಾಜಿ ತಾಯಿಯ ತಂದೆ. ಇಂತಹ ಮನೆತನದ ಹೆಸರಿನ ನೆರಳಿನಲ್ಲಿ ನಿಲ್ಲದೆ ಅವರು ವಿದ್ಯೆಯ ದಾರಿ ಹಿಡಿದರು. ಆಕ್ಸ್‌ಫರ್ಡಿನಲ್ಲಿ ಪ್ರಸಿದ್ಧ ದಾರ್ಶನಿಕ ಪೀಟರ್ ಸ್ಟ್ರಾಸನ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು.

1974ರಲ್ಲಿ ಪ್ರಕಟವಾದ 'ಪ್ರಿಸಪೊಸಿಷನ್ಸ್ ಆಫ್ ಹ್ಯೂಮನ್ ಕಮ್ಯುನಿಕೇಷನ್' ಅವರ ಮುಖ್ಯ ಕೃತಿ. ಮಾತಿನ ಅರ್ಥವು ಆಡುವವನ ಉದ್ದೇಶದಲ್ಲಿದೆ ಎಂಬುದು ಆಂಗ್ಲ ದಾರ್ಶನಿಕ ಪಾಲ್ ಗ್ರೈಸ್ ಅವರ ವಾದವಾಗಿತ್ತು. ಗಾಂಧಿಯವರು ಅದಕ್ಕೂ ಹಿಂದಿನ ಹೆಜ್ಜೆಯನ್ನು ಅರಸಿದರು. ಏನನ್ನಾದರೂ ತಿಳಿಸುವ ಮೊದಲು ಎದುರಿನವರನ್ನು ಕರೆಯಬೇಕಲ್ಲವೇ? ನಾವು ತಮ್ಮಾ ಎಂದೋ ಅಮ್ಮಾ ಎಂದೋ ಕರೆದಾಗ ಆ ವ್ಯಕ್ತಿಯ ಎತ್ತರ, ಉದ್ಯೋಗ, ಜಾತಿ ಯಾವುದನ್ನೂ ವರ್ಣಿಸುವುದಿಲ್ಲ; ಓಗೊಡಬಲ್ಲ ಜೀವವೊಂದು ಅಲ್ಲಿದೆಯೆಂದು ಒಪ್ಪಿಕೊಳ್ಳುತ್ತೇವೆ. ಶಾಲೆಯ ವ್ಯಾಕರಣದಲ್ಲಿ ವಿಭಕ್ತಿಗಳ ಕೊನೆಗೆ ಬರುವ ಸಂಬೋಧನೆಯು ಅವರ ಚಿಂತನೆಯಲ್ಲಿ ಮೊದಲ ಸ್ಥಾನ ಪಡೆಯಿತು. ಪರರ ಮನಸ್ಸು ಇದೆಯೇ ಎಂಬ ಹಳೆಯ ಪ್ರಶ್ನೆಗೂ ಇಲ್ಲಿಂದ ಹೊಸ ಬೆಳಕು ಬಿದ್ದಿತು.

ಅವರು ಹೈದರಾಬಾದಿನಲ್ಲಿ ಮಾತ್ರವಲ್ಲದೆ ವಿಶ್ವಭಾರತಿ, ಪಂಜಾಬ್ ಹಾಗೂ ನಮ್ಮ ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿಯೂ ಬೋಧಿಸಿದರು. ಕಾಲಕ್ರಮೇಣ ಅವರ ಆಸಕ್ತಿ ರಮಣ ಮಹರ್ಷಿಗಳ ಅದ್ವೈತದತ್ತ ಹರಿಯಿತು. ಇದನ್ನು ಹಳೆಯ ಹಾದಿಯನ್ನು ತೊರೆದಂತೆ ಎಂದು ಭಾವಿಸಬೇಕಾಗಿಲ್ಲ. ಕರೆಯುವವನಿಗೂ ಓಗೊಡುವವನಿಗೂ ಇರುವ ನಂಟನ್ನು ಕೊನೆಯವರೆಗೆ ಹಿಂಬಾಲಿಸಿದರೆ ನಾನು, ನೀನು ಎಂಬ ಭೇದವೇ ಪ್ರಶ್ನೆಗೊಳಗಾಗುತ್ತದೆ. 1984ರ 'ಐ ಆಮ್ ದೌ' ಕೃತಿಯ ಹೆಸರೇ ಇದನ್ನು ಸೂಚಿಸುತ್ತದೆ. ಅಯೋಧ್ಯೆಯ ವಿವಾದದಿಂದ ದೇಶವು ಕುದಿಯುತ್ತಿದ್ದ 1992ರಲ್ಲಿ ಅವರು, ಅಲ್ಲಿನ ಸೀತೆಯ ಅಡುಗೆಮನೆಯೆಂಬ ಸ್ಥಳವನ್ನು ನೆಪವಾಗಿಸಿಕೊಂಡು, 'ಸೀತಾಸ್ ಕಿಚನ್' ಪ್ರಕಟಿಸಿದರು. ಪರನೆಂಬ ಭಾವನೆಯೇ ಹಿಂಸೆಯ ಬೇರೆಂಬ ಚಿಂತನೆ ಅದರಲ್ಲಿದೆ.

2007ರ ಜೂನ್ 13ರಂದು ನವದೆಹಲಿಯಲ್ಲಿ, ಎಪ್ಪತ್ತು ತುಂಬಿದ ಕೆಲವೇ ದಿನಗಳಲ್ಲಿ, ಅವರು ನಿಧನರಾದರು. ಕನ್ನಡ, ತೆಲುಗು, ಉರ್ದು, ಮರಾಠಿಗಳು ಒಂದೇ ಬೀದಿಯಲ್ಲಿ ಕೇಳಿಬರುವ ಈ ನಗರದಲ್ಲಿ ನೆಲೆಸಿದ ನಮಗೆ ಅವರ ವಿಚಾರ ದೂರದ್ದೇನಲ್ಲ. ನೆರೆಯವರ ಭಾಷೆ ಪೂರ್ತಿಯಾಗಿ ಬಾರದಿದ್ದರೂ ಅವರನ್ನು ಪ್ರೀತಿಯಿಂದ ಕರೆಯಲು ನಾವು ಕಲಿತಿದ್ದೇವೆ. ಆ ಕರೆಯ ಬೆಲೆಯನ್ನು ಶಾಸ್ತ್ರಕ್ಕೆ ತಿಳಿಸಿಕೊಟ್ಟ ಚೇತನಕ್ಕೆ ನಮ್ಮ ನಮನಗಳು.