ನಾವಿಕನ ಮಗನ ಆಕಾಶ

ಫ್ರಾನ್ಸ್ ದೇಶದ ಉತ್ತರ ಕರಾವಳಿಯಲ್ಲಿ ನಾರ್ಮಂಡಿ ಎಂಬ ಪ್ರಾಂತವಿದೆ. ಪ್ಯಾರಿಸ್ ನಗರವನ್ನು ಹಾದು ಬರುವ ಸೇನ್ ನದಿಯು ಇಲ್ಲಿಯೇ ಕಡಲನ್ನು ಸೇರುತ್ತದೆ. ನದೀಮುಖದ ಒಂದು ದಡದಲ್ಲಿ ಓಂಫ್ಲರ್ ಎಂಬ ಹಳೆಯ ರೇವುಪಟ್ಟಣ. ಎದುರು ದಡದಲ್ಲಿ ಲ ಹಾವ್ರ್ ಎಂಬ ದೊಡ್ಡ ಬಂದರು. ಹೊಳೆಯ ನೀರೂ ಕಡಲಿನ ನೀರೂ ಕೂಡುವ ಈ ಎಡೆಯಲ್ಲಿ ಮೋಡಗಳು ಗಳಿಗೆಗೊಂದು ರೂಪ ತಾಳುತ್ತವೆ. ಯೂಜೇನ್ ಬೂದೆನ್ ಎಂಬ ಚಿತ್ರಕಾರನು 1824ನೆಯ ಇಸವಿ ಜುಲೈ 12ರಂದು ಓಂಫ್ಲರಿನಲ್ಲಿ ಹುಟ್ಟಿದನು.

ತಂದೆ ನಾವಿಕ. ಹುಡುಗನೂ ಎಳೆಯ ವಯಸ್ಸಿನಲ್ಲಿಯೇ ತಂದೆಯೊಡನೆ ಹಡಗಿನಲ್ಲಿ ಚಿಲ್ಲರೆ ಕೆಲಸಕ್ಕೆ ನಿಂತನು. ಹಡಗಿನವರಿಗೆ ಆಕಾಶವೇ ಪಂಚಾಂಗ. ಯಾವ ಮೋಡ ಮಳೆ ತರುತ್ತದೆ, ಯಾವ ಗಾಳಿ ಹಾಯಿಗೆ ಒದಗುತ್ತದೆ ಎಂಬುದನ್ನು ಅರಿಯದವನಿಗೆ ಅಲ್ಲಿ ಉಳಿಗಾಲವಿಲ್ಲ. ಮುಂದೆ ಬೂದೆನ್ನನಿಗೆ ಹೆಸರು ತಂದ ವಿದ್ಯೆಯ ಮೊದಲ ಪಾಠ ಇದೇ ಎಂದು ನಾವು ತಿಳಿಯುತ್ತೇವೆ.

1835ರಲ್ಲಿ ಕುಟುಂಬವು ಲ ಹಾವ್ರ್ ಬಂದರಿಗೆ ಬಂದು ನೆಲೆಸಿತು. ಶಾಲೆಯ ಓದು ಬಹಳ ನಡೆಯಲಿಲ್ಲ. ಕಾಗದ, ಲೇಖನಸಾಮಗ್ರಿ ಮಾರುವ ಅಂಗಡಿಯೊಂದರಲ್ಲಿ ಹುಡುಗನು ಕೆಲಸ ಮಾಡಿದನು. 1844ರಲ್ಲಿ ಪಾಲುದಾರನೊಬ್ಬನೊಡನೆ ಸೇರಿ ತನ್ನದೇ ಅಂಗಡಿ ತೆರೆದನು. ಚಿತ್ರಗಳಿಗೆ ಚೌಕಟ್ಟು ಹಾಕಿಕೊಡುವ ಕೆಲಸವೂ ಅಲ್ಲಿ ನಡೆಯುತ್ತಿತ್ತು. ಆ ಕರಾವಳಿಗೆ ಬರುವ ಚಿತ್ರಕಾರರು ತಮ್ಮ ಕೃತಿಗಳನ್ನು ಆ ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಡುತ್ತಿದ್ದರು. ರೈತರ ಬಾಳನ್ನು ಚಿತ್ರಿಸಿ ಮುಂದೆ ಲೋಕಪ್ರಸಿದ್ಧನಾದ ಮಿಲೆ ಅವರಲ್ಲೊಬ್ಬ. ಅಂಗಡಿಯ ತರುಣನು ಬರೆದ ಚಿತ್ರಗಳನ್ನು ಆತನು ನೋಡಿ ಪ್ರೋತ್ಸಾಹಿಸಿದನು. ಚಿತ್ರಕಾರನ ಬಾಳು ಎಷ್ಟು ಕಷ್ಟದ್ದೆಂಬುದನ್ನೂ ತಿಳಿಯಹೇಳಿದನು. ಆದರೂ ಬೂದೆನ್ನನು ಇಪ್ಪತ್ತೆರಡರ ವಯಸ್ಸಿನ ಸುಮಾರಿಗೆ, ನಡೆಯುತ್ತಿದ್ದ ವ್ಯಾಪಾರವನ್ನು ಬಿಟ್ಟು ಬಣ್ಣವನ್ನೇ ನಂಬಿ ಹೊರಟನು.

1851ರಲ್ಲಿ ಲ ಹಾವ್ರ್ ಪುರಸಭೆಯು ಅವನಿಗೆ ಪ್ಯಾರಿಸಿನಲ್ಲಿ ಕಲಿಯಲು ಮೂರು ವರ್ಷಗಳ ವಿದ್ಯಾರ್ಥಿವೇತನ ಕೊಟ್ಟಿತು. ವರ್ಷಕ್ಕೆ 1200 ಫ್ರಾಂಕುಗಳು. ಅವನು ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಕುಳಿತು ಹಿಂದಿನ ಮಹಾಚಿತ್ರಕಾರರ ಕೃತಿಗಳನ್ನು ನಕಲು ಮಾಡಿದನು. ಆಗಿನ ಪ್ಯಾರಿಸಿನಲ್ಲಿ ದೊಡ್ಡ ಚಿತ್ರವೆಂದರೆ ಪುರಾಣದ ದೇವತೆಗಳು, ಅರಸರು, ಯುದ್ಧಗಳು. ಬರಿಯ ಬೆಟ್ಟ, ಬಯಲು, ಕಡಲನ್ನು ಬರೆಯುವವನಿಗೆ ಕೆಳಗಿನ ಪಂಕ್ತಿ. ಅವಧಿ ಮುಗಿದ ಮೇಲೂ ಬೂದೆನ್ನನು ಆ ದೊಡ್ಡ ಪಂಕ್ತಿಗೆ ಏರಲು ಹವಣಿಸಲಿಲ್ಲ. ಅವನ ಮನಸ್ಸು ತನ್ನ ನದೀಮುಖದ ಮೋಡಗಳಲ್ಲಿಯೇ ನೆಟ್ಟಿತ್ತು.

ಆ ಮೋಡಗಳನ್ನು ಹಿಡಿಯಲು ಅವನಿಗೆ ಒದಗಿದ ಸಾಧನ ಪ್ಯಾಸ್ಟೆಲ್. ಬಣ್ಣದ ಪುಡಿಗೆ ತುಸು ಅಂಟು ಸೇರಿಸಿ ಹೊಸೆದು ಒಣಗಿಸಿದ ಕಡ್ಡಿ ಅದು. ಎಣ್ಣೆ ಬೇಡ, ಕುಂಚ ಬೇಡ, ಒಣಗಲೆಂದು ಕಾಯಬೇಕಾಗಿಲ್ಲ. ಕಾಗದ ಬೂದುಬಣ್ಣದ್ದಾದರೆ ಕಾಗದವೇ ಅರ್ಧ ಆಕಾಶವಾಗುತ್ತದೆ. ಬೆರಳಿನಿಂದ ತೀಡಿದರೆ ಮೋಡದ ಅಂಚು ಕರಗುತ್ತದೆ. ಕೆಲವೇ ನಿಮಿಷಗಳಲ್ಲಿ ಬದಲಾಗಿಬಿಡುವ ನೋಟಕ್ಕೆ ಇದಕ್ಕಿಂತ ತಕ್ಕ ಉಪಕರಣ ಯಾವುದು? ದಡದಲ್ಲಿ ನಿಂತು ಹಾಳೆಯ ಮೇಲೆ ಹಾಳೆ ಬರೆದು, ಅಂದಿನ ತಾರೀಖು, ಹೊತ್ತು, ಗಾಳಿಯ ದಿಕ್ಕು ಇವನ್ನೂ ಅವನು ಗುರುತು ಹಾಕುತ್ತಿದ್ದನು. ಹಡಗಿನ ದಿನಚರಿಯನ್ನು ನಾವಿಕನು ಬರೆದಿಡುವ ರೀತಿ ಇದೇ ಅಲ್ಲವೇ!

1859ರಲ್ಲಿ ಕವಿ ಬೋದಲೇರನು ಇಂಥ ನೂರಾರು ಹಾಳೆಗಳನ್ನು ನೋಡಿ ಬೆರಗಾದನು. ಆ ವರ್ಷದ ಕಲಾಪ್ರದರ್ಶನವನ್ನು ಕುರಿತು ಬರೆಯುವಾಗ, ಪ್ರದರ್ಶನದಲ್ಲಿಲ್ಲದ ಈ ಹಾಳೆಗಳನ್ನೇ ವಿಸ್ತಾರವಾಗಿ ಕೊಂಡಾಡಿದನು. ಗುರುತಿನ ಬರಹವನ್ನು ಕೈಯಿಂದ ಮುಚ್ಚಿದರೂ ಋತು, ಹೊತ್ತು, ಗಾಳಿ ಎಲ್ಲವೂ ತಿಳಿದುಬಿಡುತ್ತವೆ ಎಂಬುದು ಅವನ ಅಭಿಪ್ರಾಯದ ಸಾರ. ಕೋರೋ ಎಂಬ ಹಿರಿಯ ಚಿತ್ರಕಾರನು ಬೂದೆನ್ನನಿಗೆ ಆಕಾಶಗಳ ಅರಸನೆಂಬ ಬಿರುದನ್ನೇ ಕೊಟ್ಟನು. ಬೂದೆನ್ನನಾದರೋ ಇವು ಮುಂದಿನ ಚಿತ್ರಗಳಿಗೆ ಬೇಕಾದ ಅಭ್ಯಾಸದ ಹಾಳೆಗಳು ಮಾತ್ರವೆಂದು ಎಣಿಸಿದ್ದನು.

ಇದಕ್ಕೆ ಒಂದು ವರ್ಷ ಮೊದಲೇ ಮತ್ತೊಂದು ದೊಡ್ಡ ಕೆಲಸ ಅವನಿಂದ ನಡೆದುಹೋಗಿತ್ತು. ಲ ಹಾವ್ರಿನಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಊರವರ ವ್ಯಂಗ್ಯಚಿತ್ರ ಬರೆದು ಕಾಸು ಸಂಪಾದಿಸುತ್ತಿದ್ದ. ಅವನಿಗೆ ಬೂದೆನ್ನನ ಚಿತ್ರಗಳೆಂದರೆ ಮೊದಲು ಅಸಡ್ಡೆ. ಬೂದೆನ್ನನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ, ತನ್ನೊಡನೆ ಬಯಲಿಗೆ ಬಂದು ಬರೆಯೆಂದು ಮತ್ತೆ ಮತ್ತೆ ಕರೆದನು. 1858ರ ಬೇಸಗೆಯಲ್ಲಿ ಒಂದು ದಿನ ಹುಡುಗ ಹೋದ. ಬೆಳಕು ಎಂದರೇನೆಂಬುದು ಅಂದು ಅವನಿಗೆ ಕಂಡಿತು. ಆ ಹುಡುಗನೇ ಕ್ಲೋದ್ ಮೋನೆ. ತಾನು ಚಿತ್ರಕಾರನಾದದ್ದು ಬೂದೆನ್ನನಿಂದ ಎಂದು ಮೋನೆಯು ಮುಪ್ಪಿನವರೆಗೂ ಸ್ಮರಿಸಿದನು. 1874ರಲ್ಲಿ ಪ್ಯಾರಿಸಿನ ಹೊಸ ಚಿತ್ರಕಾರರು ಸ್ವತಂತ್ರವಾಗಿ ಪ್ರದರ್ಶನ ಹೂಡಿದಾಗ, ನಲವತ್ತೊಂಬತ್ತು ವರ್ಷದ ಬೂದೆನ್ನನೂ ತನ್ನ ಪ್ಯಾಸ್ಟೆಲ್ ಹಾಳೆಗಳನ್ನು ಕೊಟ್ಟು ಅವರ ಜೊತೆ ನಿಂತನು. ಆ ಪಂಗಡಕ್ಕೆ ಇಂಪ್ರೆಷನಿಸ್ಟರೆಂಬ ಹೆಸರು ಬಂದದ್ದು ಅಲ್ಲಿದ್ದ ಮೋನೆಯ ಸೂರ್ಯೋದಯದ ಚಿತ್ರದಿಂದ. ಅದರಲ್ಲಿರುವುದು ಲ ಹಾವ್ರಿನ ಬಂದರೇ!

ಕೀರ್ತಿ ಬಂದಷ್ಟು ಬೇಗ ಹಣ ಬರಲಿಲ್ಲ. 1863ರಲ್ಲಿ ಮದುವೆಯಾದ ಬೂದೆನ್ನನು ಚಳಿಗಾಲವನ್ನು ಪ್ಯಾರಿಸಿನಲ್ಲಿ ಕಳೆದು, ಬೇಸಗೆ ಬಂದೊಡನೆ ಕಡಲಿಗೆ ಹೊರಡುತ್ತಿದ್ದನು. ತ್ರೂವಿಲಿನ ಮರಳದಂಡೆಯಲ್ಲಿ ವಿಹರಿಸುವ ಸಿರಿವಂತರನ್ನೂ, ದುಡಿಯುವ ಬೆಸ್ತರನ್ನೂ ಬರೆದನು. ಎರಡರಲ್ಲಿಯೂ ಮನುಷ್ಯರು ಚಿಕ್ಕವರು, ಆಕಾಶ ದೊಡ್ಡದು. ಕೊಳ್ಳುವವರಿದ್ದದ್ದು ರಾಜಧಾನಿಯಲ್ಲಿ, ಬರೆಯುವ ವಸ್ತುವಿದ್ದದ್ದು ಊರಿನಲ್ಲಿ. ಹೊಟ್ಟೆಪಾಡಿಗೆಂದು ದೂರದ ನಗರ ಸೇರಿ, ರಜೆಗಾಗಿ ದಿನ ಎಣಿಸುವ ನಮ್ಮಂಥವರಿಗೆ ಈ ಓಡಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

1881ರಿಂದ ದ್ಯುರಾಂ-ರ‍್ಯೂಯೆಲ್ ಎಂಬ ಚಿತ್ರವ್ಯಾಪಾರಿಯು ಅವನ ಕೃತಿಗಳನ್ನು ಕೊಂಡುಕೊಳ್ಳತೊಡಗಿದ ಮೇಲೆ ಕೈ ಸ್ವಲ್ಪ ಸಡಿಲವಾಯಿತು. ಓಂಫ್ಲರಿಗೆ ಸಮೀಪದ ದೋವಿಲಿನಲ್ಲಿ ಕಡಲ ಬಳಿ ಒಂದು ಮನೆ ಕಟ್ಟಿಸಿದನು. 1889ರಲ್ಲಿ ಹೆಂಡತಿ ತೀರಿಕೊಂಡಳು. 1892ರಲ್ಲಿ ಸರ್ಕಾರವು ಲೀಜನ್ ಆಫ್ ಆನರ್ ಪದಕ ಕೊಟ್ಟಿತು. ಆರೋಗ್ಯ ಕೆಟ್ಟು ದಕ್ಷಿಣದ ಬೆಚ್ಚಗಿನ ಕರಾವಳಿಯಲ್ಲಿ ಚಳಿಗಾಲ ಕಳೆಯಬೇಕಾಯಿತು. ಅಲ್ಲಿಯೂ, ವೆನಿಸಿನಲ್ಲಿಯೂ ಅವನು ಬರೆಯುತ್ತಲೇ ಇದ್ದನು. ಕೊನೆಗಾಲ ಸಮೀಪಿಸಿದಾಗ ಮಾತ್ರ ದೋವಿಲಿಗೆ ಕರೆದೊಯ್ಯಿರೆಂದು ಕೇಳಿಕೊಂಡನು. 1898ರ ಆಗಸ್ಟ್ 8ರಂದು, ತನ್ನ ಕಡಲು ಕಾಣುವ ಆ ಮನೆಯಲ್ಲಿ ಕಣ್ಣು ಮುಚ್ಚಿದನು.

1868ರಲ್ಲಿ ಗೆಳೆಯನೊಡನೆ ಸೇರಿ ಅವನು ಓಂಫ್ಲರಿನಲ್ಲಿ ಸ್ಥಾಪಿಸಿದ್ದ ಚಿತ್ರಶಾಲೆ ಇಂದು ಅವನ ಹೆಸರನ್ನೇ ಹೊತ್ತಿದೆ. ಕೋಣೆಯಲ್ಲಿ ಉಳಿದಿದ್ದ ಇನ್ನೂರಕ್ಕೂ ಹೆಚ್ಚು ಅಭ್ಯಾಸಚಿತ್ರಗಳನ್ನು ತಮ್ಮನಾದ ಲೂಯಿಯು 1900ರಲ್ಲಿ ಲ ಹಾವ್ರಿನ ಸಂಗ್ರಹಾಲಯಕ್ಕೆ ಒಪ್ಪಿಸಿದನು. 1944ರ ಸೆಪ್ಟೆಂಬರಿನಲ್ಲಿ ಬಾಂಬುಗಳು ಸುರಿದು, ಬೂದೆನ್ನನು ಅಂಗಡಿ ಇಟ್ಟಿದ್ದ ಆ ಊರಿನ ನಡುಭಾಗವೆಲ್ಲ ನೆಲಸಮವಾಯಿತು. ಹಳೆಯ ಸಂಗ್ರಹಾಲಯವೂ ಅಳಿಯಿತು. 1961ರಲ್ಲಿ ಕಡಲಂಚಿನಲ್ಲಿಯೇ ಹೊಸ ಸಂಗ್ರಹಾಲಯ ತೆರೆಯಿತು. ಅದರೊಳಗೆ ಬೂದೆನ್ನನ ಮೋಡಗಳನ್ನು ನೋಡಿದವರು ತಲೆಯೆತ್ತಿದರೆ, ಅದೇ ನದೀಮುಖದ ಮೇಲೆ ತೇಲುವ ಇಂದಿನ ಮೋಡಗಳು ಗಾಜಿನಾಚೆ ಕಾಣುತ್ತವೆ.