ಪದಕ ಮಾರಿದ ಬೋಡೊ

ಪುಣೆಯ ಭೋಸರಿಯಲ್ಲಿ ಕಾರ್ಖಾನೆಗಳ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸುವುದು ನನ್ನ ಕೆಲಸ. ಊರು ಗದಗ, ಇಲ್ಲಿಗೆ ಬಂದು 14 ವರ್ಷವಾಯಿತು. ಕಳೆದ ತಿಂಗಳು ಒಂದು ರಾತ್ರಿ ತೂಕದ ಯಂತ್ರವೊಂದು ನಮ್ಮನ್ನು ಕಾಡಿತು. ಬೆಳಿಗ್ಗೆ ಆರಕ್ಕೆ ಲಾರಿಗಳು ಬಂದು ನಿಲ್ಲುತ್ತವೆ, ಅಷ್ಟರೊಳಗೆ ಅದರ ತೂಕ ಕಂಪ್ಯೂಟರಿನಲ್ಲಿ ಕಾಣಲೇಬೇಕು. ಜೊತೆಗಿದ್ದವನು ಕಲಬುರಗಿಯಿಂದ ಹೊಸದಾಗಿ ಬಂದ ಹುಡುಗ. ಲ್ಯಾಪ್‌ಟಾಪಿನಲ್ಲಿ ಮಿನಿಕಾಮ್ ತೆರೆದರೆ ಕಪ್ಪು ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಕಾರ್ಡೇ ಸುಟ್ಟಿದೆ ಎಂದುಕೊಂಡು ಅವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ.

ಸುಟ್ಟಿದ್ದು ಏನೂ ಇರಲಿಲ್ಲ. ಯಂತ್ರ 9600 ಬಾಡ್ ವೇಗದಲ್ಲಿ ಹೇಳುತ್ತಿತ್ತು, ಮಿನಿಕಾಮ್ 115200ರಲ್ಲಿ ಕೇಳುತ್ತಿತ್ತು. ಕಮಾಂಡಿನಲ್ಲಿ ಹೈಫನ್ ಬಿ ಮುಂದೆ 9600 ಎಂದು ಬರೆದು ಮತ್ತೆ ತೆರೆದೆ. ತೂಕದ ಅಂಕಿಗಳು ಸಾಲಾಗಿ ಬಂದವು.

ಚಹಾ ಕುಡಿಯುವಾಗ ಹುಡುಗ ಬಾಡ್ ಅಂದರೇನು ಎಂದು ಕೇಳಿದ. ಸೆಕೆಂಡಿಗೆ ಎಷ್ಟು ಸಂಕೇತಗಳು ತಂತಿಯ ಮೇಲೆ ಹೋಗುತ್ತವೆ ಎಂಬ ಲೆಕ್ಕ, ಆದರೆ ಅದು ಒಬ್ಬ ಮನುಷ್ಯನ ಹೆಸರು ಎಂದೆ. ಅವನು ನಂಬಲಿಲ್ಲ. ಅವನಿಗೆ ಹೇಳಿದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಮಿಲ್ ಬೋಡೊ 1845ರ ಸೆಪ್ಟೆಂಬರ್ 11ರಂದು ಫ್ರಾನ್ಸಿನ ಮಾನ್ಯೊ ಎಂಬ ಹಳ್ಳಿಯಲ್ಲಿ ರೈತನ ಮಗನಾಗಿ ಹುಟ್ಟಿದರು. ಓದಿದ್ದು ಊರಿನ ಪ್ರಾಥಮಿಕ ಶಾಲೆಯಲ್ಲಿ ಮಾತ್ರ. ಹೊಲದಲ್ಲಿ ದುಡಿದು, 1869ರಲ್ಲಿ ತಂತಿ ಇಲಾಖೆಗೆ ತರಬೇತಿ ಆಪರೇಟರ್ ಆಗಿ ಸೇರಿದರು. ಮರುವರ್ಷ ಪ್ರಷ್ಯಾದೊಡನೆ ಯುದ್ಧ ಬಂತು. ಅಲ್ಲೂ ಕೆಲಕಾಲ ಸೇವೆ ಮಾಡಿ 1872ರಲ್ಲಿ ಪ್ಯಾರಿಸ್ಸಿಗೆ ಮರಳಿದರು.

ಆಗಿನ ತಂತಿ ದುಬಾರಿ, ಆದರೆ ಹೆಚ್ಚು ಹೊತ್ತು ಖಾಲಿ. ಆಪರೇಟರ್ ಎಷ್ಟೇ ಚುರುಕಾಗಿದ್ದರೂ ಅವನ ಎರಡು ಅಕ್ಷರಗಳ ನಡುವೆ ತಂತಿ ಸುಮ್ಮನೆ ಕಾಯುತ್ತಿತ್ತು. ಆ ಸಮಯವನ್ನು ಬೇರೆಯವರಿಗೆ ಹಂಚಿದರೆ ಹೇಗೆ ಎಂದು ಬೋಡೊ ಯೋಚಿಸಿದರು. ಹ್ಯೂಸ್ ಅವರ ಅಕ್ಷರ ಮುದ್ರಿಸುವ ಯಂತ್ರ, ಮೆಯರ್ ಅವರ ತಂತಿ ಹಂಚುವ ಚಕ್ರ, ಗೌಸ್ ಮತ್ತು ವೇಬರ್ ಅವರ ಐದು ಸಂಕೇತಗಳ ಲಿಪಿ ಮೊದಲೇ ಇದ್ದವು. ಬೋಡೊ ಈ ಮೂರನ್ನೂ ಒಂದು ಯಂತ್ರದಲ್ಲಿ ಕೂಡಿಸಿ 1874ರ ಜೂನ್‌ನಲ್ಲಿ ಪೇಟೆಂಟ್ ಪಡೆದರು.

ಆಪರೇಟರ್ ಮುಂದೆ ಐದೇ ಕೀಲಿಗಳು, ಎಡಗೈಗೆ ಎರಡು, ಬಲಗೈಗೆ ಮೂರು. ಐದು ಕೀಲಿಗಳಿಂದ 32 ಜೋಡಣೆಗಳು ಸಿಗುತ್ತವೆ. ಕೀಲಿಗಳನ್ನು ಒಟ್ಟಿಗೇ ಒತ್ತಿದರೂ, ತಿರುಗುವ ಚಕ್ರ ಅವುಗಳನ್ನು ಒಂದರ ಹಿಂದೊಂದು ತಂತಿಗೆ ಬಿಡುತ್ತಿತ್ತು. ನಮ್ಮ ಸೀರಿಯಲ್ ಪೋರ್ಟ್ ಇವತ್ತು ಮಾಡುವುದೂ ಇಷ್ಟೇ. ಎರಡೂ ಊರಿನ ಚಕ್ರಗಳು ಒಂದೇ ವೇಗದಲ್ಲಿ ತಿರುಗಬೇಕಿತ್ತು. ಆಪರೇಟರ್ ಕೂಡ ಯಂತ್ರದ ಟಿಕ್ ಶಬ್ದ ಕೇಳಿ, ಆ ತಾಳಕ್ಕೇ ಬೆರಳು ಒತ್ತಬೇಕಿತ್ತು. ತಾಳ ತಪ್ಪಿದರೆ ಅಕ್ಷರ ತಪ್ಪಿತು.

1877ರ ನವೆಂಬರಿನಲ್ಲಿ ಪ್ಯಾರಿಸ್ ಮತ್ತು ಬೋರ್ಡೊ ನಡುವೆ ಪರೀಕ್ಷೆ ನಡೆಯಿತು. ಅದೇ ವರ್ಷ ಮಿಮೊ ಎಂಬ ಇನ್ನೊಬ್ಬ ಸಂಶೋಧಕರು, ಈ ಲಿಪಿ ಮೊದಲು ತಮ್ಮದು ಎಂದು ನ್ಯಾಯಾಲಯಕ್ಕೆ ಹೋದರು. ಮೊದಲ ತೀರ್ಪು ಮಿಮೊ ಕಡೆಗೇ ಬಂತು, ಮುಂದೆ ಅದು ರದ್ದಾಯಿತು. 1878ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಬೋಡೊ ಅವರಿಗೆ ಚಿನ್ನದ ಪದಕ ಸಿಕ್ಕಿತು. ಇಲಾಖೆ ಯಂತ್ರವನ್ನು ಒಪ್ಪಿಕೊಂಡಿತಾದರೂ ಪ್ರಯೋಗಕ್ಕೆ ಹೆಚ್ಚಿನ ನೆರವು ಕೊಡಲಿಲ್ಲ. ಕೈಯಿಂದ ಹಾಕಿ ಹಾಕಿ ಸಾಲದೆ, 1880ರಲ್ಲಿ ಅವರು ಆ ಪದಕವನ್ನೇ ಮಾರಿದರು.

ಆಮೇಲೆ ಹುದ್ದೆ ಏರಿತು. 1887ರಲ್ಲಿ ಇಟಲಿ, ನಂತರ ನೆದರ್‌ಲ್ಯಾಂಡ್ಸ್, ಸ್ವಿಟ್ಜರ್ಲ್ಯಾಂಡ್, ಬ್ರಿಟನ್ ಅವರ ಯಂತ್ರ ತರಿಸಿಕೊಂಡವು. ಆದರೆ ಆರೋಗ್ಯ ಮೊದಲಿನಿಂದಲೂ ಕೈಕೊಡುತ್ತಲೇ ಇತ್ತು. 1890ರ ಜನವರಿಯಲ್ಲಿ ಮದುವೆಯಾದರು, ಏಪ್ರಿಲ್‌ನಲ್ಲಿ ಹೆಂಡತಿ ತೀರಿಕೊಂಡರು. 1903ರ ಮಾರ್ಚ್ 28ರಂದು, 57ನೇ ವಯಸ್ಸಿನಲ್ಲಿ, ಪ್ಯಾರಿಸ್ ಬಳಿಯ ಸೋ ಎಂಬಲ್ಲಿ ಬೋಡೊ ಕಣ್ಣುಮುಚ್ಚಿದರು. ಸಂಕೇತದ ವೇಗದ ಅಳತೆಗೆ ಅವರ ಹೆಸರಿಟ್ಟಿದ್ದು 1920ರ ದಶಕದಲ್ಲಿ. ಅದನ್ನು ಕೇಳಲು ಅವರಿರಲಿಲ್ಲ.

ನಮ್ಮ ಸೋದರಮಾವ ಹುಬ್ಬಳ್ಳಿಯ ತಂತಿ ಕಚೇರಿಯಲ್ಲಿ ಟೆಲಿಪ್ರಿಂಟರ್ ಮುಂದೆ ಕೂತವರು. ಆ ಯಂತ್ರಗಳ ವೇಗ 50 ಬಾಡ್, ಅದರ ಲಿಪಿಯೂ ಬೋಡೊ ಅವರ ಐದು ಸಂಕೇತಗಳಿಂದಲೇ ಬೆಳೆದದ್ದು. ಊರಿನ ಎಷ್ಟೋ ಮನೆಗಳ ಹುಟ್ಟು, ಸಾವು, ನೌಕರಿಯ ಸುದ್ದಿ ಮಾಮನ ಕೈಯಿಂದಲೇ ಹಾದು ಹೋದವು. 2013ರ ಜುಲೈನಲ್ಲಿ ದೇಶದ ಟೆಲಿಗ್ರಾಂ ಸೇವೆ ನಿಂತ ದಿನ ಪುಣೆಯಿಂದ ಫೋನ್ ಮಾಡಿದ್ದೆ. ಅವರು ಹೆಚ್ಚು ಮಾತಾಡಲಿಲ್ಲ. ಆಗ ನನಗೂ ಬೋಡೊ ಯಾರೆಂದು ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಮಾಮ ಇರಲಿಲ್ಲ. ನಾವಿಬ್ಬರೂ ಒಂದೇ ಕಸುಬಿನವರು ಎಂದು ಅವರಿಗೆ ಹೇಳಬೇಕಿತ್ತು.

ಕಥೆ ಮುಗಿಯುವಾಗ ಐದೂವರೆ. ಗೇಟಿನಲ್ಲಿ ಮೊದಲ ಲಾರಿಯ ಹಾರ್ನ್ ಕೇಳಿತು. ಹುಡುಗ ಕೇಬಲಿಗೆ ಬಿಳಿ ಟೇಪು ಸುತ್ತಿ, ಮುಂದಿನವರಿಗೆ ತಿಳಿಯಲೆಂದು 9600 ಎಂದು ಬರೆದ. ಒಂದು ಕ್ಷಣ ನಿಂತು, ಕೆಳಗೆ ಕನ್ನಡದಲ್ಲಿ ಬೋಡೊ ಎಂದೂ ಸೇರಿಸಿದ.